ಬೆಲ್ಲದ ಡಬ್ಬಿಯ ಬೀಗ

ಆಗ ನನಗೆ ಅರವತ್ತೊಂದು. ಈ ಮಾತಿಗೆ ಇಪ್ಪತ್ತು ವರ್ಷವಾಯಿತು. ಹಲ್ಲು ಆಗ ಎಲ್ಲವೂ ಇದ್ದವು. ತಲೆಯ ಮೇಲೆ ಒಂದು ಬುಟ್ಟಿ, ಸೊಂಟಕ್ಕೆ ಒಂದು ಬುಟ್ಟಿ ಇಟ್ಟುಕೊಂಡು ಹೊರಟ ಬಸ್ಸು ಹತ್ತುತ್ತಿದ್ದೆ. ತಪ್ಪು ಎಂಬುದು ಅಲ್ಲಿಯ ತನಕ ನನ್ನಿಂದ ಒಂದೂ ಆಗಿರಲಿಲ್ಲ. ಆಗಿದ್ದರೂ ನಾನು ಒಪ್ಪಿಕೊಂಡಿರಲಿಲ್ಲ. ಎರಡೂ ಒಂದೇ.

ನಮ್ಮ ಮನೆ ಕೋಡಿಬಾಗದಲ್ಲಿ. ಹಿಂದಿನ ಬಾಗಿಲು ತೆರೆದರೆ ಕಾಳಿ ನದಿ, ಮುಂದಿನ ಬಾಗಿಲು ತೆರೆದರೆ ಪಕ್ಕದ ಮನೆಯವಳ ಬಾಯಿ. ಅವಳೂ ನನ್ನ ಹಾಗೆ ಮೀನು ಮಾರುವವಳು. ಇಬ್ಬರೂ ಬೆಳಿಗ್ಗೆ ದೋಣಿ ಬಂದಲ್ಲಿ ಜಗಳವಾಡಿ ಮೀನು ಕೊಂಡು, ಒಂದೇ ಬಸ್ಸಿನಲ್ಲಿ ಮಲ್ಲಾಪುರಕ್ಕೆ ಹೋಗಿ, ಅಲ್ಲಿಯ ಕ್ವಾರ್ಟರ್ಸಿನ ಬೀದಿಗಳನ್ನು ಹಂಚಿಕೊಂಡು ಕೂಗಿ, ಮಧ್ಯಾಹ್ನ ಖಾಲಿ ಬುಟ್ಟಿಯೊಳಗೆ ಚಪ್ಪಲಿ ಹಾಕಿಕೊಂಡು ವಾಪಸು ಬರುತ್ತಿದ್ದೆವು. ಮೂವತ್ತು ವರ್ಷದಲ್ಲಿ ನಾವು ಮಾತು ಬಿಟ್ಟದ್ದು ಒಂದೇ ಸಲ. ಅದು ಈ ಕಥೆಯಲ್ಲೇ ಬರುತ್ತದೆ.

ನನ್ನ ಹತ್ತಿರ ಒಂದು ಐಸಿನ ಪೆಟ್ಟಿಗೆ ಇತ್ತು. ಮರದ್ದು, ಒಳಗೆ ತಗಡು ಬಡಿದದ್ದು. ಐಸನ್ನು ಒಡೆದು, ಮೇಲೆ ಹರಳುಪ್ಪು ಉದುರಿಸಿ, ಮೀನು, ಮತ್ತೆ ಐಸು, ಮತ್ತೆ ಉಪ್ಪು. ಉಪ್ಪು ಬಿದ್ದರೆ ಐಸಿಗೆ ಹುಚ್ಚು ಚಳಿ ಹಿಡಿಯುತ್ತದೆ. ಹಾಗೆ ಇಟ್ಟ ಬಂಗಡೆ ಎರಡನೆಯ ದಿನವೂ ನಿಮ್ಮನ್ನು ಕಣ್ಣು ಬಿಟ್ಟು ನೋಡುತ್ತದೆ. ಕೋಡಿಬಾಗದಲ್ಲಿ ನನ್ನಷ್ಟು ಚೆನ್ನಾಗಿ ಮೀನು ಇಡುವವರು ಇರಲಿಲ್ಲ. ಇದನ್ನು ನಾನೇ ಹೇಳಬೇಕಾಗಿರಲಿಲ್ಲ, ಆದರೂ ದಿನಾ ಹೇಳುತ್ತಿದ್ದೆ.

ಇನ್ನೊಂದು ಮಾತು. ಮೀನು ಮಾರುವವಳು ಯಾವತ್ತೂ ತನ್ನ ಬಾಯಿಂದ 'ಕೆಟ್ಟಿದೆ' ಅನ್ನುವುದಿಲ್ಲ. ನನ್ನ ಅತ್ತೆ ಮದುವೆಯಾದ ಮೊದಲ ವಾರವೇ ಕಲಿಸಿದ ಪಾಠ ಅದು. ಮೀನು ಸ್ವಲ್ಪ ಬಿಗಿ ಕಳೆದುಕೊಂಡರೆ 'ಇದು ಸಾರಿಗೆ ಒಳ್ಳೆದು' ಅನ್ನಬೇಕು. ಇನ್ನೂ ಕಳೆದುಕೊಂಡರೆ 'ಒಣಗಿಸೂಕೆ ಒಳ್ಳೆದು'. ಒಮ್ಮೆ ಕೆಟ್ಟಿದೆ ಅಂದರೆ ಆ ಬುಟ್ಟಿ ಮತ್ತೆ ಯಾರ ಅಂಗಳದಲ್ಲೂ ಇಳಿಯುವುದಿಲ್ಲ. ಆ ಮಾತು ನನ್ನ ನಾಲಿಗೆಯಲ್ಲಿ ನಲವತ್ತು ವರ್ಷ ಹುಟ್ಟಲೇ ಇಲ್ಲ.

ನನ್ನ ಜೊತೆ ಇದ್ದವಳು ಮಗಳ ಮಗಳು. ಮಗಳನ್ನು ಅಂಕೋಲೆಯ ಕಡಲದಂಡೆಗೆ ಕೊಟ್ಟಿದ್ದೆ. ಅವಳ ಹುಡುಗಿ ಹದಿಮೂರಕ್ಕೆ ಕಾಲಿಟ್ಟ ವರ್ಷ ಕೊಡಗಟ್ಟಲೆ ನೀರು ಕುಡಿಯತೊಡಗಿದಳು, ಕ್ಲಾಸಿನಲ್ಲಿ ಐದೈದು ಸಲ ಎದ್ದು ಹೊರಗೆ ಹೋಗತೊಡಗಿದಳು, ಒಣಗಿದ ನೊಗಲಿ ಮೀನಿನ ಹಾಗಾದಳು. ಕಾರವಾರದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ನಾನು ನಕ್ಕೆ. ಸಕ್ಕರೆ ಕಾಯಿಲೆ ಬರುವುದು ಕುರ್ಚಿಯಲ್ಲಿ ಕೂತು ಹೊಟ್ಟೆ ಬೆಳೆಸಿದವರಿಗೆ. ಕ್ವಾರ್ಟರ್ಸಿನಲ್ಲಿ ನನಗೆ ಅಂಥವರು ಹತ್ತು ಮಂದಿ ಗೊತ್ತಿದ್ದರು, ಹುರಿದ ಮೀನು ಬೇಡ ಎಂದು ಹೇಳಿ ಹೆಂಡತಿ ಒಳಗೆ ಹೋದ ಮೇಲೆ ತಿನ್ನುವವರು. ಈ ಹುಡುಗಿಗೆ ಹೊಟ್ಟೆಯೇ ಇರಲಿಲ್ಲ.

"ಅಮ್ಮಾ, ಇದು ಬೇರೆ ನಮೂನೆ. ಮಕ್ಕಳಿಗೂ ಬರ್ತದೆ. ಗುಳಿಗೆ ನಡೆಯೂದಿಲ್ಲ, ದಿನಾ ಎರಡು ಸಲ ಸೂಜಿ. ಜೀವ ಇರೋ ತನಕ" ಎಂದರು ಡಾಕ್ಟರು.

ಜೀವ ಇರುವ ತನಕ ಎಂಬುದು ನನಗೆ ಹೆದರಿಕೆಯ ಮಾತಲ್ಲ. ಮೀನು ಮಾರುವುದೂ ಜೀವ ಇರುವ ತನಕವೇ. ಡಾಕ್ಟರೂ ಹೈಸ್ಕೂಲೂ ಹತ್ತಿರ ಇವೆ ಎಂದು ಹುಡುಗಿಯನ್ನು ನನ್ನ ಮನೆಗೆ ತಂದಿಟ್ಟುಕೊಂಡೆ. ಸೂಜಿ ಅವಳೇ ಚುಚ್ಚಿಕೊಳ್ಳುತ್ತಿದ್ದಳು, ತೊಡೆಗೆ, ಹಾಡು ಹೇಳುತ್ತ. ನಾನು ಗೋಡೆ ನೋಡುತ್ತಿದ್ದೆ. ದಿನಕ್ಕೆ ನೂರು ಮೀನಿನ ಹೊಟ್ಟೆ ಸೀಳುವವಳು ನಾನು, ಆ ಸಣ್ಣ ಸೂಜಿ ನೋಡಲು ಆಗುತ್ತಿರಲಿಲ್ಲ.

ನಾನು ಹಾಕಿದ ಕಟ್ಟಳೆ ಒಂದೇ. ಶಾಲೆಯಲ್ಲಿ ಯಾರಿಗೂ ಹೇಳಕೂಡದು. ಹೇಳಿದರೆ ನಾಳೆ ಯಾರು ಮದುವೆಯಾಗುತ್ತಾರೆ? ಅವಳು ಹೇಳಲಿಲ್ಲ. ನಾನು ಅವಳನ್ನು ಆಟಕ್ಕೆ ಬಿಡದ್ದನ್ನು ಕಂಡು ಹುಡುಗಿಯರೆಲ್ಲ ಸೇರಿ ಅವಳಿಗೆ ಹೃದಯದಲ್ಲಿ ತೂತಿದೆ ಎಂದು ತೀರ್ಮಾನ ಮಾಡಿ, ಜಾಮಿಟ್ರಿ ಪೆಟ್ಟಿಗೆಯನ್ನು ಕೂಡ ಅವಳ ಕೈಯಲ್ಲಿ ಹೊರಿಸುತ್ತಿರಲಿಲ್ಲವಂತೆ. ಅದು ಅವಳಿಗೆ ಅನುಕೂಲವೇ ಆಯಿತು.

ಔಷಧದ ಬಾಟ್ಲಿಯನ್ನು ತಂಪಿನಲ್ಲಿಡಬೇಕು. ನಮ್ಮಲ್ಲಿ ಫ್ರಿಜ್ಜು ಇರಲಿಲ್ಲ. ಡಾಕ್ಟರು ಹೇಳಿಕೊಟ್ಟಿದ್ದರು: ಮಣ್ಣಿನ ಗಡಿಗೆಗೆ ಒದ್ದೆ ಮರಳು ತುಂಬಿ ಅದರಲ್ಲಿ ಇಡಿ, ಅಷ್ಟೇ ಸಾಕು. ಒಂದು ವರ್ಷ ಹಾಗೇ ನಡೆಯಿತು. ಗಡಿಗೆಯ ಉಸ್ತುವಾರಿ ಹುಡುಗಿಯದು. ಅವಳಿಗೆ ಹದಿನಾಲ್ಕಾದ ವರ್ಷ ಮಳೆ ಬೇಗ ನಿಂತಿತು. ಚೌತಿ ಕಳೆದ ಮೇಲೆ ಎಂಥ ಸೆಕೆ ಎಂದರೆ ಗಡಿಗೆಯ ಮರಳು ಮುಟ್ಟಿದರೆ ಮಗುವಿನ ಜ್ವರದ ಮೈಯ ಹಾಗಿತ್ತು. ನನಗೆ ಸಿಟ್ಟು ಬಂತು. ಇದಕ್ಕೆ ತಂಪು ಅನ್ನುತ್ತಾರೆಯೇ? ಮನೆಯಲ್ಲಿ ಇಂಥ ಐಸಿನ ಪೆಟ್ಟಿಗೆ ಇಟ್ಟುಕೊಂಡು ನಾವು ಮರಳನ್ನು ನಂಬಿ ಕೂರಬೇಕೆ?

ಬಾಟ್ಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಹುಗಿದೆ, ಉಳಿದ ಬಂಗಡೆಯ ಕೆಳಗೆ. ಮೇಲೆ ಐಸು, ಉಪ್ಪು.

"ಅಜ್ಜೀ, ಡಾಕ್ಟ್ರು ಗಡಗೆ ಅಂದಿದ್ರು" ಎಂದಳು ಹುಡುಗಿ.

"ಡಾಕ್ಟ್ರು ಎಷ್ಟು ಬಂಗಡೆ ಮಾರಿದ್ರು?"

"ಇದು ಬಂಗಡೆ ಅಲ್ಲಾ."

"ಹಾಳಾಗೂ ವಸ್ತು ಹೌದೋ ಅಲ್ದೋ? ಹೌದಲ್ಲಾ? ಮತ್ತೆ ಸುಮ್ಮಂಗಿರು. ಇದು ನನ್ನ ಕೆಲ್ಸ."

ಬೆಳಿಗ್ಗೆ ತೆಗೆದರೆ ಬಾಟ್ಲಿ ಕಲ್ಲಾಗಿತ್ತು. ನನಗೆ ಹೆಮ್ಮೆಯಾಯಿತು. ಕಂಕುಳಲ್ಲಿ ಇಟ್ಟುಕೊಂಡು ಗಂಜಿ ಕುದಿಯುವಷ್ಟರಲ್ಲಿ ಕರಗಿಸಿ ಕೊಟ್ಟೆ. ಹುಡುಗಿ ಬಾಟ್ಲಿಯನ್ನು ಬೆಳಕಿಗೆ ಹಿಡಿದಳು.

"ಅಜ್ಜೀ, ಇದ್ರೊಳಗೆ ಚೂರು ಚೂರು ಕಾಣ್ತದೆ."

"ಕಣ್ಣು ತೊಳ್ಕಂಡಿ ಬಾ, ಕಾಣೂದಿಲ್ಲಾ."

ಅವಳ ಹತ್ತಿರ ಮೂತ್ರದಲ್ಲಿ ಅದ್ದಿ ನೋಡುವ ಕಾಗದದ ಕಡ್ಡಿಗಳಿದ್ದವು. ನೀಲಿ ಇದ್ದರೆ ಒಳ್ಳೆಯದು, ಕಂದು ಬಣ್ಣಕ್ಕೆ ತಿರುಗಿದರೆ ಸಕ್ಕರೆ ಏರಿದೆ ಎಂದು ಅರ್ಥ. ಎರಡನೆಯ ದಿನ ಕಡ್ಡಿ ಕಂದಾಯಿತು. ನನ್ನ ಕಣ್ಣು ನೇರ ಬೆಲ್ಲದ ಡಬ್ಬಿಗೆ ಹೋಯಿತು.

ನ್ಯಾಯವಾಗಿ ಹೇಳಬೇಕೆಂದರೆ ಅವಳ ಮೇಲೆ ಹಳೆಯ ಕೇಸು ಒಂದಿತ್ತು. ಆ ಚೌತಿಯಲ್ಲೇ, ಅರಿಶಿನ ಎಲೆಯಲ್ಲಿ ಬೇಯಿಸಿದ ಬೆಲ್ಲದ ಪಾತೋಳಿ ಮೂರನ್ನು ಲಂಗದ ನಿರಿಗೆಯಲ್ಲಿ ಸುತ್ತಿಕೊಂಡು ನದಿಯ ಕಡೆ ಹೋದದ್ದನ್ನು ಹಿಡಿದಿದ್ದೆ. ಒಮ್ಮೆ ಬಲೆಗೆ ಬಿದ್ದ ಮೀನಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ.

"ಬೆಲ್ಲ ತಿಂದ್ಯಾ?"

"ತಿಂದಿಲ್ಲಾ."

"ಬಾಯಿ ತೆಗಿ."

ಬಾಯಿ ತೆರೆದಳು. ಮೂಸಿದೆ. ಏನೋ ಸಿಹಿ ವಾಸನೆ ಇತ್ತು, ಹಣ್ಣಾಗಿ ಹೆಚ್ಚಾದ ಇಶಾಡ ಮಾವಿನ ಹಾಗೆ. ನನಗೆ ಅಷ್ಟೇ ಸಾಕಾಯಿತು. ಅದು ಕಾಯಿಲೆ ಏರಿದಾಗ ಬರುವ ವಾಸನೆ ಎಂದು ತಿಳಿದದ್ದು ಆಮೇಲೆ. ಪೇಟೆಗೆ ಹೋಗಿ ಬೀಗ ತಂದು ಬೆಲ್ಲದ ಡಬ್ಬಿಗೆ ಜಡಿದೆ. ಅವಳ ಎದುರಿಗೇ ಜಡಿದೆ. ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಮೂರನೆಯ ದಿನ ಕಡ್ಡಿ ಇನ್ನೂ ಕಂದಾಯಿತು. ಡಬ್ಬಿಗೆ ಬೀಗ ಇದೆ, ಹಾಗಾದರೆ ಕೊಡುತ್ತಿರುವವರು ಯಾರು? ಮುಂದಿನ ಬಾಗಿಲು ತೆರೆದು ಪಕ್ಕದ ಮನೆಯವಳನ್ನು ಕರೆದೆ.

"ನನ್ನ ಮೊಮ್ಮಗಳಿಗೆ ಕದ್ದು ಸಿಹಿ ಕೊಡೂಕೆ ನಿಂಗೆ ಎಷ್ಟು ಧೈರ್ಯ?"

"ನನ್ನ ಮನೆಲಿ ಚಾಕೇ ಸಕ್ಕರಿಲ್ಲಾ ಮಾರಾಯ್ತಿ! ನಿನ್ನ ಮೊಮ್ಮಗಳಿಗೆ ಎಲ್ಲಿಂದ ಕೊಡ್ಲಿ?"

"ಸುಳ್ಳು ಹೇಳ್ಬೇಡ. ಮಲ್ಲಾಪುರದಲ್ಲಿ ಮೊನ್ನಿನ ತಾರ್ಲೆ ಇವತ್ತಿಂದು ಅಂತ ಹೇಳಿ ಮಾರೂಳು ನೀನು."

ಆ ಮಾತು ಹೇಳಬಾರದಿತ್ತು. ನಿಜವಾಗಿತ್ತು, ಅದಕ್ಕೇ ಹೇಳಬಾರದಿತ್ತು. ಅವತ್ತಿನಿಂದ ಅವಳು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರತೊಡಗಿದಳು.

ನಾಲ್ಕನೆಯ ದಿನ ಹುಡುಗಿ ವಾಂತಿ ಮಾಡಿಕೊಂಡು ಮೀನಿನ ಬುಟ್ಟಿಯ ಪಕ್ಕದಲ್ಲೇ ಕುಸಿದಳು. ರಿಕ್ಷಾ ತರಿಸಿ ಆಸ್ಪತ್ರೆಗೆ ಒಯ್ದೆ. ಕೈಗೆ ನೀರಿನ ಬಾಟ್ಲಿ ಏರಿಸಿದರು. ಡಾಕ್ಟರು ಮನೆಯಿಂದ ಔಷಧ ತರಿಸಿ ನೋಡಿದರು, ಅಲ್ಲಾಡಿಸಿದರು, ಮತ್ತೆ ನೋಡಿದರು. ಒಳಗೆ ಒಡೆದ ಹಾಲಿನ ಹಾಗೆ ಗರಣೆ ತೇಲುತ್ತಿತ್ತು.

"ಇದನ್ನ ಎಲ್ಲಿಟ್ಟಿದ್ರಿ?"

"ಐಸ್ನಲ್ಲಿ. ಉಪ್ಪು ಹಾಕಿ" ಎಂದೆ, ಎದೆ ಎತ್ತಿ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅಮ್ಮಾ, ಇದು ಒಮ್ಮೆ ಹೆಪ್ಪುಗಟ್ಟಿದ್ರೆ ಸತ್ತ ಹಾಗೆ. ಕರಗಿಸಿದ್ರೂ ಜೀವ ಬರೂದಿಲ್ಲ. ನಾಲ್ಕು ದಿನ ಈ ಹುಡುಗಿ ಬರೀ ನೀರು ಚುಚ್ಚಿಕೊಂಡಿದಾಳೆ."

ಹುಡುಗಿ ಮಂಚದಿಂದ ನನ್ನನ್ನು ನೋಡಿದಳು. ಮಾತಾಡಲು ತ್ರಾಣವಿರಲಿಲ್ಲ, ಕಣ್ಣಿಗೆ ಮಾತ್ರ ಬೇಕಾದಷ್ಟಿತ್ತು. ಅವಳು ಬೆಲ್ಲ ತಿಂದಿರಲಿಲ್ಲ. ಅದು ನನಗೆ ಆ ಕ್ಷಣವೇ ಗೊತ್ತಾಯಿತು. ಬಾಯಿ ತೆರೆದೆ. ಬಂದ ಮಾತು ಇದು:

"ಐಸ್ ಫ್ಯಾಕ್ಟ್ರಿಯವ್ರು ಈಗಿತ್ಲಾಗೆ ಐಸಿಗೆ ಎಂತೆಂತದೋ ಹಾಕ್ತ್ರು, ಡಾಕ್ಟ್ರೇ."

ಮೂರು ದಿನಕ್ಕೆ ಮನೆಗೆ ಬಂದೆವು. ಹೊಸ ಬಾಟ್ಲಿ ಗಡಿಗೆಯ ಮರಳಿಗೆ ಹೋಯಿತು. ನಾನು ಅವಳಿಗೆ ದಪ್ಪ ಶೆಟ್ಲಿ ಸಿಗಡಿ ತಂದು ಸುಕ್ಕೆ ಪಲ್ಯ ಮಾಡಿ ಹಾಕಿದೆ, ಹೊಸ ಚಪ್ಪಲಿ ತಂದೆ. ಹೇಳಬೇಕಾದದ್ದು ಹೇಳಲಿಲ್ಲ. ಬೀಗವನ್ನೂ ತೆಗೆಯಲಿಲ್ಲ. ತೆಗೆದರೆ ಹೇಳಿದಂತೆಯೇ ಆಗುತ್ತಿತ್ತಲ್ಲ.

ಅವಳು ಜಗಳವಾಡಲಿಲ್ಲ. ಬದಲಿಗೆ ಬರೆಯತೊಡಗಿದಳು.

ಶಾಲೆಯಿಂದ ಬಂದವಳೇ ಹಿಂದಿನ ಬಾಗಿಲಲ್ಲಿ ಕೂತು ನೋಟ್ ಬುಕ್ಕಿನಲ್ಲಿ ಬರೆಯುವುದು, ಒಬ್ಬಳೇ ನಗುವುದು. ಏನು ಎಂದು ಕೇಳಿದರೆ "ಕಥೆ" ಎಂದಳು.

"ಯಂತಾ ಕಥೆ?"

"ಕಾಯಿಲೆ ಹುಡುಗಿ ಕಥೆ. ಶಾಲೆ ಲೈಬ್ರರಿಲಿ ಅಂಥ ಕಥೆ ಬೇಕಾದಷ್ಟಿವೆ ಅಜ್ಜೀ. ಎಲ್ಲಾ ಹುಡುಗೀರೂ ಬೆಳ್ಳಗೆ ಇರ್ತ್ರು, ಕಿಟಕಿ ಹತ್ರ ಕೂತ್ಕಂತ್ರು, ಹೂವು ನೋಡ್ತ್ರು, ಕಡೀ ಪುಟದಲ್ಲಿ ಸಾಯ್ತ್ರು."

"ನೀ ಕಪ್ಪಿದ್ಯಲ್ಲೇ."

"ಅದಕ್ಕೇ ಬೇರೆ ಬರೀತೆ. ನಮ್ಮನೆ ಕಿಟಕಿ ಹತ್ರ ಕೂತ್ರೆ ಒಣಮೀನಿನ ವಾಸನೆಗೆ ಸಾಯೂಕೂ ಮನಸಾಗೂದಿಲ್ಲಾ."

ಅಕ್ಷರ ನಾನು ಕಲಿತದ್ದು ಐವತ್ತು ದಾಟಿದ ಮೇಲೆ, ಹೆಂಗಸರಿಗೆ ಅಂತ ಸಂಜೆ ಶಾಲೆಯಲ್ಲಿ ಹೇಳಿಕೊಡುತ್ತಿದ್ದಾಗ. ಬಸ್ಸಿನ ಬೋರ್ಡು ಓದಲು ಬಂದ ದಿನ ಸಾಕೆಂದು ನಿಲ್ಲಿಸಿದ್ದೆ. ಈಗ ಆ ವಿದ್ಯೆ ಬೇರೆ ಕೆಲಸಕ್ಕೆ ಬಂತು. ಅವಳು ಶಾಲೆಗೆ ಒಯ್ಯದ ದಿನ ನೋಡಿ ನೋಟ್ ಬುಕ್ಕನ್ನು ಬುಟ್ಟಿಯಲ್ಲಿ, ಮೀನಿನ ಮೇಲಿನ ಬಾಳೆಎಲೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದೆ. ಮಲ್ಲಾಪುರ ಮುಟ್ಟುವ ತನಕ ಅರ್ಧ ಕಥೆ, ಬರುವಾಗ ಉಳಿದರ್ಧ. ಕಿನ್ನರ ಊರಿನ ಹತ್ತಿರ ರಸ್ತೆ ಕೆಟ್ಟಿತ್ತು. ಅಲ್ಲಿ ಬಸ್ಸು ಎಗರಿದರೆ ಸಾಲು ತಪ್ಪುತ್ತಿತ್ತು, ಮತ್ತೆ ಮೇಲಿನಿಂದ ಶುರು. ಪಕ್ಕದ ಮನೆಯವಳು ಮುಂದಿನ ಸೀಟಿನಿಂದ ತಿರುಗಿ, ನನ್ನ ಹತ್ತಿರ ಅಲ್ಲ, ಕಂಡಕ್ಟರನ ಹತ್ತಿರ ಹೇಳಿದಳು: "ಕೆಲವ್ರು ಮೊಮ್ಮಕ್ಳ ಪರೀಕ್ಷೆಗೆ ಅವ್ರೇ ಓದ್ತ್ರು ನೋಡಿ."

ಕಥೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಅವಳ ಮೂಗು ಇಸ್ವಾಣ ಮೀನಿನ ಚೂಪು ಮೂತಿಯ ಹಾಗೆ ಎಂದು ಬರೆದಿತ್ತು. ಅವಳು ದೇವರಿಗೆ ಕೈ ಮುಗಿಯುವಾಗಲೂ ದೇವರ ಮೇಲೆ ಉಪಕಾರ ಮಾಡಿದವಳ ಹಾಗೆ ಮುಗಿಯುತ್ತಾಳೆ ಎಂದಿತ್ತು. ಲೋಕದ ಎಲ್ಲ ಕಷ್ಟಕ್ಕೂ ಅವಳ ಹತ್ತಿರ ಇದ್ದ ಮದ್ದು ಐಸು. ಬೀಗ ಜಡಿದದ್ದು, ಬಾಯಿ ಮೂಸಿದ್ದು, ಪಕ್ಕದ ಮನೆಯವಳ ತಾರ್ಲೆ, ಐಸ್ ಫ್ಯಾಕ್ಟರಿಯ ಮೇಲೆ ಹಾಕಿದ್ದು, ಎಲ್ಲವೂ ಇತ್ತು. ನನಗೆ ಸಿಟ್ಟು ಬರಬೇಕಿತ್ತು, ಬಂತು. ಆದರೆ ಮಧ್ಯೆ ಮಧ್ಯೆ ನಗುವೂ ಬಂತು. ಆ ಅಜ್ಜಿಯ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಬಸ್ಸಿನಲ್ಲೇ ಬಿದ್ದು ನಗುತ್ತಿದ್ದೆ.

ಕಥೆ ಆಸ್ಪತ್ರೆಯ ಮಂಚದ ತನಕ ಬಂದು ನಿಂತಿತ್ತು. ಮುಂದಿನ ಪುಟ ಖಾಲಿ. ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬೇರೆ ಅಕ್ಷರ. ದೊಡ್ಡವರ ಅಕ್ಷರ. ಒಂದೊಂದಾಗಿ ಕೂಡಿಸಿಕೊಂಡು ಓದಿದೆ: 'ಕೊನೆಯಲ್ಲಿ ಹುಡುಗಿ ತೀರಿಕೊಂಡರೆ ಮನಸ್ಸಿಗೆ ಹೆಚ್ಚು ತಟ್ಟುತ್ತದೆ.'

ಅವತ್ತು ಮೀನು ಅರ್ಧ ಹಾಗೇ ಇತ್ತು. ವಾಪಸು ಬಂದ ಬಸ್ಸಿನಿಂದ ಇಳಿದವಳು ಮನೆಗೆ ಹೋಗಲಿಲ್ಲ. ಬುಟ್ಟಿ ಸಮೇತ ಹೈಸ್ಕೂಲಿಗೆ ಹೋದೆ. ಕನ್ನಡ ಕಲಿಸುವ ಅಕ್ಕೋರು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ಒಳ್ಳೆಯ ಹೆಂಗಸು, ನನ್ನ ಗಿರಾಕಿ.

"ಅಕ್ಕೋರೇ, ನನ್ನ ಮೊಮ್ಮಗಳ್ನ ಕೊಲ್ಲೂಕೆ ಹೇಳೂಕೆ ನೀವ್ಯಾರು?"

ಅವರ ಕೈಯ ತುತ್ತು ಹಾಗೇ ನಿಂತಿತು. "ಅಯ್ಯೋ ಅಜ್ಜೀ, ಅದು ಕಥೆ!"

"ಕಥೇಲಿ ಆದ್ರೆ ಯಂತಾ? ನಾಕು ಜನ ಕೇಳೂದಿಲ್ವಾ? ಬೆಳಗಾಮುಂಚೆ ಎದ್ದು ಸೂಜಿ ಚುಚ್ಕಂಡಿ ಬದುಕೂದು ಅವ್ಳು, ಕೆಂಪು ಪೆನ್ನಲ್ಲಿ ಒಂದು ಗೀಟು ಎಳ್ದು ಸಾಯ್ಸೂದು ನೀವು."

ಅಕ್ಕೋರು ನೋಟ್ ಬುಕ್ಕನ್ನು ಕೈಗೆ ತೆಗೆದುಕೊಂಡು ಮೂಗು ಮುಚ್ಚಿಕೊಂಡರು. ಬಂಗಡೆಯ ನೀರು ನಾಲ್ಕು ಪುಟಕ್ಕೆ ಇಳಿದಿತ್ತು. ಆಮೇಲೆ ಸಮಾಧಾನದಿಂದ ಹೇಳಿದರು, "ನಾನೂ ಬೇರೆ ದಾರಿ ಕಾಣದೆ ಬರೆದೆ ಅಜ್ಜೀ. ವಾರ್ಷಿಕೋತ್ಸವದ ಗ್ಯಾದರಿಂಗಿಗೆ ಇನ್ನು ಐದೇ ದಿನ. ಕಥೆ ವೇದಿಕೆ ಮೇಲೆ ಅವಳೇ ಓದ್ಬೇಕು ಅಂತ ನನ್ನ ಆಸೆ, ಅವಳದ್ದೂ. ಇಡೀ ವರ್ಷ ಹಿಂದಿನ ಬೆಂಚಲ್ಲಿ ಬಾಯಿ ಮುಚ್ಚಿ ಕೂತ ಹುಡುಗಿ ತಾನಾಗಿ ಮುಂದೆ ಬಂದು 'ನಾ ಓದ್ತೆ' ಅಂದಳು. ಆದ್ರೆ ಕೊನೆ ಬರೆದುಕೊಡೂದಿಲ್ಲ. ನಾಲ್ಕು ಸಲ ಕೇಳಿದೆ. ಕೊನೆ ಇಲ್ಲದ ಕಥೇನ ಹೆಡ್ ಮಾಸ್ತರು ಬಿಡೂದಿಲ್ಲ."

"ಯಾಕೆ ಬರೆಯೂದಿಲ್ವಂತೆ?"

"'ಅದು ಇನ್ನೂ ನಡೀಲಿಲ್ಲ ಅಕ್ಕೋರೇ, ನಡೀದೇ ಇದ್ದದ್ದು ನಾ ಬರೆಯೂದಿಲ್ಲ' ಅಂತಾಳೆ."

ಯಾವುದು ನಡೆದಿಲ್ಲ ಎಂದು ಅಕ್ಕೋರಿಗೆ ತಿಳಿದಿರಲಿಲ್ಲ. ನನಗೆ ತಿಳಿಯಿತು. ಅವರಿಗೆ ನಾಲ್ಕು ಬಂಗಡೆ ಕೊಟ್ಟು ಎದ್ದು ಬಂದೆ.

ಹುಡುಗಿ ಮನೆಗೆ ಬಂದವಳು ನೋಟ್ ಬುಕ್ಕನ್ನು ನೋಡಲಿಲ್ಲ, ಮೂಸಿದಳು.

"ನಾ ಬರ್ದದ್ದು ಸುಮಾರಾಗಿತ್ತು. ಈಗ ನಿಜ ಆಗ್ಯದೆ" ಎಂದಳು. "ಓದ್ದ್ಯಾ?"

"ನನ್ನ ಮೂಗು ಅಷ್ಟು ಉದ್ದ ಇಲ್ಲಾ."

"ಅಳತೆ ಮಾಡ್ವಾ?"

"ಶಾಲೆಲಿ ಯಾರಿಗೂ ಹೇಳ್ಬೇಡ ಅಂತ ನಾ ಹೇಳಿದ್ದೆ. ಈಗ ಮೈಕಲ್ಲಿ ಹೇಳೂಕೆ ಹೊರಟ್ಯಾ? ನಾಳೆ ಮದ್ವೆ ಮಾಡ್ಕಣೂರು ಯಾರು?"

"ಹೃದಯದಲ್ಲಿ ತೂತಿದ್ದೋಳ್ನ ಮಾಡ್ಕಣೂರು ಯಾರು? ಅದಕಿಂತ ಇದು ಅಡ್ಡಿಲ್ಲಾ."

ಬೇರೆ ಕಡೆಯಿಂದ ಬಲೆ ಬೀಸಿದೆ.

"ಕಡಿಗೆ ಹೀಂಗೆ ಬರಿ. ಅಜ್ಜಿ ಐಸ್ ಫ್ಯಾಕ್ಟ್ರಿಗೆ ಹೋಗಿ ಅವ್ರಿಗೆ ಸರೀ ಬೈದ್ಳು, ಎಲ್ಲಾ ಸರಿಯಾಯ್ತು."

"ಫ್ಯಾಕ್ಟ್ರಿ ಆಗ್ಲೇ ಬಂದು ಹೋಗ್ಯದೆ. ಹಿಂದಿನ ಪುಟದಲ್ಲಿ."

"ಅಜ್ಜಿ ಶೆಟ್ಲಿ ಸುಕ್ಕೆ ಮಾಡಿ ಹಾಕದ್ಳು ಅಂತ ಬರಿ."

"ಶೆಟ್ಲಿ ಮಾತಾಡೂದಿಲ್ಲಾ ಅಜ್ಜೀ."

"ಮತ್ತೆ ನಿಂಗೆ ಯಂತಾ ಬೇಕು?"

ಅವಳು ಬೆಲ್ಲದ ಡಬ್ಬಿಯ ಕಡೆ ಕೈ ತೋರಿಸಿದಳು. ನಗುತ್ತಿದ್ದವಳು ನಗು ನಿಲ್ಲಿಸಿದಳು. "ನಾ ಅದ್ನ ತಿಂದಿಲ್ಲಾ ಅಂತ ನೀ ಹೇಳ್ಬೇಕು. ಯಾರು ಕೆಡ್ಸದ್ರು ಅಂತಾನೂ ಹೇಳ್ಬೇಕು. ನಿನ್ನ ಬಾಯಿಂದ ಬಂದ್ರೆ ಬರೀತೆ. ಬರ್ಲಿಲ್ಲಾ ಅಂದ್ರೆ ಗ್ಯಾದರಿಂಗಲ್ಲಿ ನಾ ಓದೂದಿಲ್ಲಾ, ಹಿಂದಿನ ಬೆಂಚಲ್ಲೇ ಕೂತ್ಕಂತೆ."

ಐದು ದಿನ ಇತ್ತು. ದಿನಾ ಹೇಳೋಣ ಎಂದುಕೊಂಡೆ. ಗಂಜಿ ಬಡಿಸುವಾಗ ಹೇಳಲು ಹೋಗಿ ಉಪ್ಪಿನಕಾಯಿ ಬೇಕೇ ಎಂದು ಕೇಳಿದೆ. ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವಾಗ ಹೇಳಲು ಹೋಗಿ ಅವಳ ತಲೆಯಲ್ಲಿ ಹೇನಿದೆ ಎಂದೆ. ನಾಲಿಗೆಗೆ ಅಭ್ಯಾಸವಿಲ್ಲದ ಮಾತು, ಸಿಕ್ಕಿಕೊಂಡ ಮುಳ್ಳಿನ ಹಾಗೆ ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಅಕ್ಕೋರು ಮಾತ್ರ ಪುಣ್ಯಾತ್ಗಿತ್ತಿ. ಹುಡುಗಿಯ ಹಿಂದೆ ಬಿದ್ದು, ಕೊನೆಯನ್ನು ಅವಳು ವೇದಿಕೆಯ ಮೇಲೆಯೇ ಹೇಳುತ್ತಾಳೆ ಎಂದು ಹೆಡ್ ಮಾಸ್ತರಿಗೆ ಸುಳ್ಳು ಹೇಳಿ ಹೆಸರು ಬರೆಸಿದ್ದರು. ಹತ್ತಿಸುವುದು ನನ್ನ ಕೆಲಸ, ಓದುವುದು ಬಿಡುವುದು ನಿನ್ನದು ಎಂದಿದ್ದರಂತೆ.

ಗ್ಯಾದರಿಂಗ್ ಮಧ್ಯಾಹ್ನ ಶುರುವಾಯಿತು. ಕೋಡಿಬಾಗದ ಹೆಂಗಸರೆಲ್ಲ ಮೀನು ಬೇಗ ಮುಗಿಸಿ, ಹೂವು ಮುಡಿದು ಬಂದಿದ್ದರು. ಪಕ್ಕದ ಮನೆಯವಳು ನನ್ನಿಂದ ಎರಡು ಸಾಲು ಮುಂದೆ ಕೂತಿದ್ದಳು, ಬೆನ್ನು ನನಗೆ ಕಾಣಲಿ ಎಂದೇ. ಎರಡು ಕುಣಿತ, ಒಂದು ನಾಟಕದ ತುಂಡು ಆದ ಮೇಲೆ ಹುಡುಗಿ ಮೈಕಿನ ಮುಂದೆ ಬಂದಳು. ಕೈಯಲ್ಲಿ ಅದೇ ನೋಟ್ ಬುಕ್ಕು. ಮುಂದಿನ ಸಾಲಿನ ಅತಿಥಿಗಳು ಏನೋ ವಾಸನೆಗೆ ಮೂಗು ಅರಳಿಸಿದರು.

"ನಂಗೆ ಸಕ್ಕರೆ ಕಾಯಿಲೆ ಅದೆ. ಹೃದಯದಲ್ಲಿ ತೂತಿಲ್ಲಾ" ಎಂದು ಶುರು ಮಾಡಿದಳು. ಹುಡುಗಿಯರ ಸಾಲಿನಲ್ಲಿ ಗುಸುಗುಸು ಎದ್ದು ಇಳಿಯಿತು. ಮದುವೆಯ ಮಾತು ಅಲ್ಲಿಗೆ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಅಜ್ಜಿ ಬಂದಳು. ಮೂಗು ಬಂತು. ಐಸು ಬಂತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಎಲ್ಲರೂ ತಿರುಗಿ ನನ್ನನ್ನೇ ನೋಡುವುದು, ಮತ್ತೆ ನಗುವುದು. 'ಡಾಕ್ಟ್ರು ಎಷ್ಟು ಬಂಗಡೆ ಮಾರಿದ್ರು' ಎಂದಾಗ ಹೆಡ್ ಮಾಸ್ತರು ಕೂಡ ಕರವಸ್ತ್ರ ಬಾಯಿಗೆ ಹಿಡಿದರು. ತಾರ್ಲೆಯ ಜಾಗ ಬಂದಾಗ ಪಕ್ಕದ ಮನೆಯವಳ ಬೆನ್ನು ನೆಟ್ಟಗಾಯಿತು.

ಆಸ್ಪತ್ರೆಯ ಮಂಚದ ತನಕ ಓದಿ ಅವಳು ನಿಂತಳು. ಪುಟ ತಿರುಗಿಸಿದಳು. ಖಾಲಿ ಪುಟ ಎಂದು ನನಗೆ, ಅವಳಿಗೆ ಮತ್ತು ಅಕ್ಕೋರಿಗೆ ಮಾತ್ರ ಗೊತ್ತು.

"ಡಾಕ್ಟರು ಹೇಳಿದ್ದು ಕೇಳಿ ಅಜ್ಜಿ..." ಎಂದಳು. ಅಷ್ಟೇ. ಮೈಕು ಕಿರ್ ಎಂದಿತು. ಅಕ್ಕೋರು ಪರದೆಯ ಬದಿಯಿಂದ ಕೈ ಆಡಿಸಿದರು. ಯಾರೋ ಸಣ್ಣ ಮಗು ಅತ್ತಿತು. ಹುಡುಗಿ ನನ್ನನ್ನು ನೋಡಲಿಲ್ಲ, ಪುಟವನ್ನೇ ನೋಡುತ್ತ ನಿಂತಳು. ಅವಳ ಒಂದು ಕಾಲು ಆಗಲೇ ಮೆಟ್ಟಿಲ ಕಡೆ ತಿರುಗಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಅವಳು ಇಳಿದು ಬರುತ್ತಾಳೆ, ಮತ್ತೆ ಹತ್ತುವುದಿಲ್ಲ. ಅದು ನನಗೆ ಗಾಳಿ ತಿರುಗುವುದು ಗೊತ್ತಾಗುವ ಹಾಗೆ ಗೊತ್ತಾಯಿತು.

ಎದ್ದು ನಿಂತೆ. ಬೀದಿಯಲ್ಲಿ ಮೀನು ಕೂಗುವ ಗಂಟಲು ನನ್ನದು, ಮೈಕು ಬೇಕಾಗಲಿಲ್ಲ.

"ಬೆಲ್ಲ ಅವ್ಳು ತಿಂದಿಲ್ಲಾ! ಔಷಧ ಕೆಟ್ಟಿತ್ತು. ಕೆಡ್ಸದ್ದು ನಾನು. ಮೀನು ಇಡೂಕೆ ನಂಗೆ ಗೊತ್ತು, ಔಷಧ ಇಡೂಕೆ ಗೊತ್ತಿಲ್ಲಾಗಿತ್ತು. ಬರ್ಕಾ ಮಗಾ."

ಹುಡುಗಿ ಜಡೆಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದಳು. ವೇದಿಕೆಯ ಮೇಲೆ, ಅಷ್ಟು ಜನರ ಎದುರು, ಮೊಣಕಾಲಿನ ಮೇಲೆ ನೋಟ್ ಬುಕ್ಕಿಟ್ಟು ಬರೆಯತೊಡಗಿದಳು. ಅವಸರವೇ ಇಲ್ಲ. ನಡುವೆ ತಲೆ ಎತ್ತಿ ಮೈಕಿನಲ್ಲಿ ಕೇಳಿದಳು:

"ಅಜ್ಜೀ, 'ಕೆಡ್ಸದ್ದು ನಾನು' ಆದ್ಮೇಲೆ ಯಂತಾ ಹೇಳ್ದೆ?"

ಚಪ್ಪರ ಹಾರಿಹೋಗುವಷ್ಟು ನಗು.

"ಒಮ್ಮೆ ಹೇಳ್ದದ್ದೇ ಹೆಚ್ಚು! ಇಳಿ ಕೆಳಗೆ!" ಎಂದೆ.

ಎರಡು ಸಾಲು ಮುಂದಿನ ಬೆನ್ನು ತಿರುಗಿತು. "ನಾ ಕೊಟ್ಟಿಲ್ಲಾ ಅಂತಾನೂ ಹೇಳೇ! ಅಷ್ಟು ಹೇಳ್ದೋಳಿಗೆ ಇಷ್ಟು ಭಾರವಾ?"

"ಇವ್ಳೂ ಕೊಟ್ಟಿಲ್ಲಾ" ಎಂದೆ. "ತಾರ್ಲೆ ಮಾತು ಮಾತ್ರ ನಿಜ."

ಅವಳು ಹೂ ಮುಡಿದ ತಲೆ ಅಲ್ಲಾಡಿಸುತ್ತ ಬಂದು ನನ್ನ ಪಕ್ಕದಲ್ಲಿ ಕೂತಳು. ಕೂತವಳೇ ಕಿವಿಯಲ್ಲಿ ಹೇಳಿದಳು, "ನಾಳೆ ಮಲ್ಲಾಪುರದಲ್ಲಿ ನಿನ್ನ ಬಂಗಡೆ ಯಾರು ತಕಂತ್ರು ನೋಡ್ವಾ." ಅಷ್ಟರಲ್ಲಿ ಹುಡುಗಿ ನಾನು ಹೇಳಿದ್ದನ್ನು ಇದ್ದ ಹಾಗೆ ಓದಿ ಮುಗಿಸಿದಳು. ಹುಡುಗಿ ಸಾಯಲಿಲ್ಲ. ಗುಣವೂ ಆಗಲಿಲ್ಲ. ಬಹುಮಾನ ಸಿಕ್ಕಿದ್ದು ಬೇರೆ ಒಬ್ಬಳ ಕಥೆಗೆ. ಅದರಲ್ಲಿ ಒಂದು ಕುಂಟ ನಾಯಿಮರಿ ಸತ್ತಿತ್ತು.

ಈಗ ಅವಳಿಗೆ ಮೂವತ್ತನಾಲ್ಕು. ಮದುವೆಯಾಯಿತು. ಅವಳ ಮನೆಯಲ್ಲಿ ಫ್ರಿಜ್ಜಿದೆ. ಅದರ ಬಾಗಿಲು ತೆರೆಯಲು ನನಗೆ ಇವತ್ತಿಗೂ ಅಪ್ಪಣೆ ಇಲ್ಲ.

ಅವತ್ತು ಗ್ಯಾದರಿಂಗಿನಿಂದ ಮನೆಗೆ ಬಂದು ಇಬ್ಬರೂ ಆ ವಿಷಯ ಎತ್ತಲಿಲ್ಲ. ಉಂಡೆವು, ಮಲಗಿದೆವು. ಮರುದಿನ ಬೆಳಿಗ್ಗೆ ಎದ್ದು ಸೆರಗಿನ ಗಂಟು ಬಿಚ್ಚಿ, ಬೆಲ್ಲದ ಡಬ್ಬಿಯ ಬೀಗ ತೆಗೆದೆ. ತೆಗೆದು ಐಸಿನ ಪೆಟ್ಟಿಗೆಗೆ ಹಾಕಿದೆ. ಬೀಗ ಸಣ್ಣದು, ಪೆಟ್ಟಿಗೆಯ ಕೊಂಡಿ ದೊಡ್ಡದು, ಒಂದು ಮೊಳೆ ಬಗ್ಗಿಸಿ ಸರಿಮಾಡಬೇಕಾಯಿತು. ಕೀಲಿಕೈಯನ್ನು ದಾರಕ್ಕೆ ಕಟ್ಟಿ ಮಲಗಿದ್ದ ಹುಡುಗಿಯ ಕೊರಳಿಗೆ ಹಾಕಿ ದೋಣಿಯ ಹತ್ತಿರ ಹೋದೆ. ಬಂಗಡೆ ತುಂಬಿಕೊಂಡು ವಾಪಸು ಬಂದಾಗ ಅವಳು ಹಿಂದಿನ ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದಳು. ಕೈ ಚಾಚಿ ಕೀಲಿ ಕೇಳಿದೆ.

"ಯಂತಕ್ಕೆ?" ಎಂದಳು, ಬಾಯಿ ತುಂಬ ನೊರೆ.

"ಮೀನಿಗೆ" ಎಂದೆ. "ಮೀನಿಗೆ ಮಾತ್ರ."